ಯೋಜನೆ ಒಳ್ಳೇದೇ, ಊರಿಗೆ ಹೊಂದಬೇಕಲ್ಲ! ಮಕ್ಕಳ ಕಾರ್ಯಕ್ರಮ ನಮ್ಮೂರಿನದ್ದಾಗೋದು ಹೇಗೆ? ಇಲ್ಲಿದೆ ಪೂರ್ತಿ ಮಾಹಿತಿ

ಅಂಗನವಾಡಿಯಲ್ಲಿ ಅನ್ನ, ಸಾಂಬಾರು, ಪಲ್ಯ, ಮೊಟ್ಟೆ ಎಲ್ಲಾ ರೆಡಿ. ಆದ್ರೆ ಊಟ ಮಾಡಬೇಕಾದ ಗರ್ಭಿಣಿ ಬಂದಿಲ್ಲ. ಕಾರಣ ಕೇಳಿದ್ರೆ ಒಬ್ಬೊಬ್ಬರದು ಒಂದೊಂದು. ತುಂಬಿದ ಬಸುರಿ ಬಿಸಿಲಲ್ಲಿ ಎರಡು ಕಿಲೋಮೀಟರ್ ನಡೆದು ಬರೋದು ಹೇಗೆ? ಅತ್ತೆ ಹೊರಗೆ ಉಣ್ಣಬೇಡ ಅಂತಾರೆ. ಹೆರಿಗೆಗೆ ತವರಿಗೆ ಹೋಗಿದ್ದಾರೆ. ಬಾಣಂತನ ಮುಗಿಯೋವರೆಗೂ ಹೊಸಿಲು ದಾಟೋ ಹಾಗಿಲ್ಲ.

ಇಲ್ಲಿ ಯಾರದು ತಪ್ಪು? ಯೋಜನೆಯದ್ದೂ ಅಲ್ಲ, ಆ ಹೆಣ್ಣುಮಗಳದ್ದೂ ಅಲ್ಲ. ಬೇರೆ ಕಡೆ ಗೆದ್ದ ಕಾರ್ಯಕ್ರಮವನ್ನು ಊರಿಗೆ ತರುವಾಗ ಊರಿನ ಅಳತೆಗೆ ಹೊಲಿಸಿಕೊಳ್ಳದಿದ್ದರೆ ಆಗೋದೇ ಹೀಗೆ. ರೆಡಿಮೇಡ್ ಅಂಗಿ ಎಷ್ಟೇ ಚೆನ್ನಾಗಿರಲಿ, ತೋಳು ಉದ್ದ ಆದ್ರೆ ಟೈಲರ್ ಹತ್ತಿರ ಹೋಗಲೇಬೇಕು. ಹಾಗಂತ ಅಂಗಿಯನ್ನೇ ಕತ್ತರಿಸಿ ಕರ್ಚೀಫ್ ಮಾಡಿಕೊಂಡರೂ ಉಪಯೋಗವಿಲ್ಲ.

ಮಕ್ಕಳ ಕಾರ್ಯಕ್ರಮಗಳಲ್ಲಿ ಏನನ್ನು ಬದಲಿಸಬಹುದು, ಏನನ್ನು ಮುಟ್ಟಬಾರದು, ಊರಿನವರು ಮತ್ತು ಅಂಗಡಿಯವರು ಎಲ್ಲಿ ಮಾತಾಡಬೇಕು ಎಂಬುದರ ವಿವರ ಇಲ್ಲಿದೆ.

ಮಾತೃಪೂರ್ಣ ಕಲಿಸಿದ ಪಾಠ

ಗರ್ಭಿಣಿ ಮತ್ತು ಬಾಣಂತಿಯರಿಗೆ ದಿನಕ್ಕೊಂದು ಪೂರ್ಣ ಊಟ ಕೊಡುವ ಕಾರ್ಯಕ್ರಮ ಮೊದಲು ನಡೆದದ್ದು ಆಂಧ್ರ ಮತ್ತು ತೆಲಂಗಾಣದಲ್ಲಿ. ಮನೆಗೆ ಕೊಟ್ಟ ರೇಷನ್ ಇಡೀ ಸಂಸಾರಕ್ಕೆ ಹಂಚಿಹೋಗುತ್ತದೆ, ಗರ್ಭಿಣಿಯ ತಟ್ಟೆಗೆ ಬರೋದು ಕಡಿಮೆ. ಕಣ್ಣೆದುರೇ ಬಿಸಿಯೂಟ ಬಡಿಸಿದರೆ ಅದು ಆಕೆಯ ಹೊಟ್ಟೆಗೇ ಸೇರುತ್ತದೆ ಎಂಬುದು ಇದರ ಹಿಂದಿನ ಲೆಕ್ಕಾಚಾರ. ಲೆಕ್ಕಾಚಾರ ಸರಿಯಾಗಿಯೇ ಇತ್ತು. ಕರ್ನಾಟಕ ಕೆಲವು ತಾಲ್ಲೂಕುಗಳಲ್ಲಿ ಪ್ರಯೋಗ ಮಾಡಿ, 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಹೆಸರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿತು.

ಬಯಲುಸೀಮೆಯ ಒತ್ತೊತ್ತಾದ ಊರುಗಳಲ್ಲಿ ಅಂಗನವಾಡಿ ಬೀದಿಯ ತುದಿಯಲ್ಲೇ ಇರುತ್ತದೆ. ಮಲೆನಾಡು, ಕರಾವಳಿಯ ಕಥೆ ಬೇರೆ. ಅಲ್ಲಿ ಮನೆಗಳು ಒಂಟಿ ಒಂಟಿ. ತೋಟ, ಗದ್ದೆ, ಹಳ್ಳ ದಾಟಿ ಬರಬೇಕು. ಮಳೆಗಾಲದಲ್ಲಿ ಕಾಲುಸಂಕ ದಾಟಿ ಊಟಕ್ಕೆ ಬಾ ಅನ್ನೋದು ಆಗುವ ಮಾತಲ್ಲ. ಆ ಭಾಗಗಳಿಂದ ಮನೆಗೇ ಆಹಾರ ಕೊಡಿ ಎಂಬ ಬೇಡಿಕೆ ಬಂದದ್ದು ಇದೇ ಕಾರಣಕ್ಕೆ. ಕೋವಿಡ್ ಕಾಲದಲ್ಲಿ ಆಹಾರ ಸಾಮಗ್ರಿ ಮನೆ ಬಾಗಿಲಿಗೇ ಹೋಯಿತು.

ಊಟದ ಪ್ರಮಾಣ, ಮೊಟ್ಟೆ, ಹಾಲು ಯೋಜನೆಯ ತಿರುಳು. ಕೂತು ಉಣ್ಣುವ ಜಾಗ, ಹೊತ್ತು, ಬಡಿಸುವ ಕ್ರಮ ಅದರ ಸಿಪ್ಪೆ. ಸಿಪ್ಪೆಯನ್ನು ಊರಿಗೆ ತಕ್ಕಂತೆ ಬದಲಿಸಬಹುದು. ತಿರುಳನ್ನೇ ಬಿಟ್ಟರೆ ಯೋಜನೆಯಲ್ಲಿ ಏನೂ ಉಳಿಯೋದಿಲ್ಲ. ಹಾಗೇ ಇನ್ನೊಂದು ವಿಷಯ. ಆಹಾರ ಮನೆಗೆ ಹೋಗುವಂತಾದರೆ ಮನೆಮಂದಿಗೆಲ್ಲ ಹಂಚಿಹೋಗುವ ಹಳೇ ತೊಂದರೆ ಮತ್ತೆ ಬರುತ್ತದೆ. ಆಗ ಅತ್ತೆಯನ್ನೂ ಗಂಡನನ್ನೂ ಕೂರಿಸಿಕೊಂಡು ಮಾತಾಡುವ ಕೆಲಸ ಕಾರ್ಯಕರ್ತೆಗೆ ಹೆಚ್ಚುತ್ತದೆ.

ಜಮೈಕಾದ ಆಟ, ಒಡಿಶಾದ ಹಾಡು

ಇದೇ ಪಾಠ ಪ್ರಪಂಚದ ಬೇರೆ ಕಡೆಯೂ ಸಿಕ್ಕಿದೆ. ಕೆರಿಬಿಯನ್ ದ್ವೀಪ ಜಮೈಕಾದ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ 1986–87ರಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಒಂದು ಅಧ್ಯಯನ ಶುರು ಮಾಡಿದರು. ವಯಸ್ಸಿಗೆ ತಕ್ಕ ಎತ್ತರ ಇಲ್ಲದ 129 ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಕೆಲವರ ಮನೆಗೆ ಸ್ಥಳೀಯ ಆರೋಗ್ಯ ಸಹಾಯಕಿ ವಾರಕ್ಕೊಮ್ಮೆ ಹೋಗಿ ಒಂದು ಗಂಟೆ ಕೂತು, ಮಗುವಿನ ಜೊತೆ ಹೇಗೆ ಆಡಬೇಕು, ಮಾತಾಡಬೇಕು ಅಂತ ತಾಯಿಗೆ ತೋರಿಸಿಕೊಡುತ್ತಿದ್ದಳು. ಆಟಿಕೆ ಎಲ್ಲಾ ಖಾಲಿ ಬಾಟಲಿ, ರಟ್ಟು, ಬಟ್ಟೆ ಚೂರಿನಿಂದ ಮಾಡಿದ್ದು. ಎರಡು ವರ್ಷ ಇದು ನಡೆಯಿತು.

ಸುಮಾರು 20 ವರ್ಷ ಆದ ಮೇಲೆ ಅದೇ ಮಕ್ಕಳನ್ನು ಹುಡುಕಿ ನೋಡಿದಾಗ, ಆಟ–ಮಾತಿನ ಭೇಟಿ ಸಿಕ್ಕವರ ಸಂಪಾದನೆ ಸಿಗದವರಿಗಿಂತ ಸುಮಾರು 25 ಶೇಕಡಾ ಹೆಚ್ಚಿತ್ತು. ಈ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಈ ಕಾರ್ಯಕ್ರಮ ಬಾಂಗ್ಲಾದೇಶ, ಕೊಲಂಬಿಯಾ, ಭಾರತಕ್ಕೂ ಬಂತು.

ಒಡಿಶಾದ ಕಟಕ್ ನಗರದ ಕೊಳೆಗೇರಿಗಳಿಗೆ ತಂದಾಗ ಜಮೈಕಾದ ಹಾಡು ಹಾಡಲಿಲ್ಲ. ಒಡಿಯಾ ಹಾಡು ಬಂತು. ಚಿತ್ರಪುಸ್ತಕದಲ್ಲಿ ಅಲ್ಲಿನ ಮನೆ, ಪಾತ್ರೆ, ಪ್ರಾಣಿ ಬಂದವು. ಮನೆಗೆ ಹೋಗುವವರು ಅದೇ ಬಡಾವಣೆಯ ಹೆಂಗಸರು. ಮುಂದೆ ಒಡಿಶಾದ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗುವ ಬದಲು ತಾಯಂದಿರನ್ನು ಗುಂಪಾಗಿ ಕೂರಿಸಿಯೂ ನೋಡಿದರು. ಖರ್ಚು ಕಡಿಮೆಯಾಯಿತು, ಮಕ್ಕಳ ಕಲಿಕೆಗೆ ಆದ ಲಾಭ ಮಾತ್ರ ಮನೆ ಭೇಟಿಯಷ್ಟೇ ಇತ್ತು.

ಹಾಡು, ಭಾಷೆ, ಕೂರುವ ಜಾಗ ಎಲ್ಲಾ ಬದಲಾದವು. ವಾರ ತಪ್ಪದೆ ನಡೆಯುವುದು, ತಾಯಿಯೇ ಮಗುವಿನ ಜೊತೆ ಆಡುವುದು, ಹೇಳಿಕೊಡುವವಳಿಗೆ ಸರಿಯಾದ ತರಬೇತಿ – ಈ ಮೂರು ಬದಲಾಗಲಿಲ್ಲ.

ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ

ದೂರದ ಉದಾಹರಣೆ ಬೇಡ ಅನ್ನುವವರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಇದೆ. 1990ರ ದಶಕದ ನಡುವೆ ಅಲ್ಲಿನ ಸರ್ಕಾರಿ ಶಾಲೆ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ ಬಂದರು. ಒಬ್ಬರೇ ಮೇಷ್ಟ್ರು, ಹಲವು ತರಗತಿ ಇರುವ ಕಡೆ ಕಾರ್ಡುಗಳನ್ನು ಇಟ್ಟುಕೊಂಡು ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ ಅಲ್ಲಿತ್ತು.

ಆ ಕಾರ್ಡುಗಳನ್ನು ಹಾಗೇ ಜೆರಾಕ್ಸ್ ಮಾಡಿಸಿ ತರಲಿಲ್ಲ. ಮೇಷ್ಟ್ರುಗಳೇ ಕೂತು ಕನ್ನಡದಲ್ಲಿ ಹೊಸದಾಗಿ ಬರೆದರು. ಹಾಡು, ಕಥೆ, ಆಟ ಸೇರಿಸಿದರು. ಕಾಡಂಚಿನ ಹಾಡಿಗಳ ಮಕ್ಕಳು ಶಾಲೆ ಅಂದ್ರೆ ಹೆದರಿ ಓಡುವ ತಾಲ್ಲೂಕು ಅದು. ಯುನಿಸೆಫ್ ನೆರವೂ ಸಿಕ್ಕಿತು. ಸಣ್ಣದಾಗಿ ಶುರುವಾದ ನಲಿ-ಕಲಿ 2009–10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು.

ಇಲ್ಲಿ ಬದಲಾವಣೆ ಮಾಡಿದವರು ಯಾರು ಅನ್ನೋದು ಮುಖ್ಯ. ಮೇಲಿನ ಆಫೀಸಿನವರಲ್ಲ, ದಿನಾ ಮಕ್ಕಳ ಮುಂದೆ ನಿಲ್ಲುವವರು. ಕೆಳಗಿನವರ ಕೈಗೆ ಬಿಟ್ಟಾಗ ಕಾರ್ಯಕ್ರಮಕ್ಕೆ ಊರಿನ ಭಾಷೆ ತಾನಾಗಿ ಬರುತ್ತದೆ.

ದಾಸೋಹ ಅಂದರೆ ಬೇರೆ ಹೇಳಬೇಕಿಲ್ಲ

ಶಾಲೆಯಲ್ಲಿ ಮಧ್ಯಾಹ್ನದ ಊಟ ತಮಿಳುನಾಡಿನಲ್ಲಿ ಕಾಮರಾಜರ ಕಾಲದಲ್ಲಿ 1956ರಲ್ಲಿ ಬೆಳೆದದ್ದು, 1982ರಲ್ಲಿ ಎಂ.ಜಿ.ರಾಮಚಂದ್ರನ್ ಅದನ್ನು ಇನ್ನಷ್ಟು ದೊಡ್ಡದು ಮಾಡಿದರು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಎಲ್ಲಾ ರಾಜ್ಯಗಳೂ ಬೇಯಿಸಿದ ಊಟವನ್ನೇ ಕೊಡಬೇಕು ಅಂತ ಆದೇಶಿಸಿತು. ಕರ್ನಾಟಕ 2002ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಶುರು ಮಾಡಿತು. ಇಟ್ಟ ಹೆಸರು ‘ಅಕ್ಷರ ದಾಸೋಹ’.

ಆ ಹೆಸರು ಬರೀ ಅಲಂಕಾರ ಅಲ್ಲ. ಮಠದ ದಾಸೋಹ, ಜಾತ್ರೆಯ ಅನ್ನ ಸಂತರ್ಪಣೆ ಕಂಡ ಜನಕ್ಕೆ ಸಾಲಲ್ಲಿ ಕೂತು ಉಣ್ಣೋದು ಭಿಕ್ಷೆ ಅಲ್ಲ, ಪ್ರಸಾದ. ಬಡವರ ಮಕ್ಕಳ ಊಟ ಎಂಬ ಸಂಕೋಚ ಅಲ್ಲೇ ಅರ್ಧ ಕಡಿಮೆಯಾಯಿತು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಬಂತು, ಮಗುವಿಗೆ 150 ಎಂ.ಎಲ್. ಹಾಲು. 2024ರಲ್ಲಿ ಆ ಹಾಲಿಗೆ ರಾಗಿ ಮಾಲ್ಟ್ ಪುಡಿಯೂ ಸೇರಿತು. ರಾಗಿ ಗಂಜಿ ಕುಡಿದು ಬೆಳೆದ ಊರುಗಳಲ್ಲಿ ಇದನ್ನು ಯಾರಿಗೂ ಪರಿಚಯ ಮಾಡಿಕೊಡಬೇಕಾಗಲಿಲ್ಲ.

ಮೊಟ್ಟೆ ಮಾತ್ರ ಅಷ್ಟು ಸುಲಭವಾಗಿ ಬರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಭಾಗದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುವಾದಾಗ ಕೆಲವು ಮಠಾಧೀಶರು ವಿರೋಧಿಸಿದರು. ನಮಗೆ ಮೊಟ್ಟೆ ಬೇಕು ಅಂತ ಶಾಲೆ ಮಕ್ಕಳೇ ಎದ್ದು ಮಾತಾಡಿದ್ದೂ ಆಗ ಸುದ್ದಿಯಾಯಿತು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಮೊಟ್ಟೆ ಸಿಗುತ್ತಿದ್ದ ಯಾದಗಿರಿ ಮಕ್ಕಳನ್ನು ಸಿಗದ ಗದಗ ಮಕ್ಕಳ ಜೊತೆ ಹೋಲಿಸಿ ನೋಡಿತು. ಮೊಟ್ಟೆ ತಿಂದವರ ತೂಕ ಚೆನ್ನಾಗಿ ಏರಿತ್ತು. 2022ರಲ್ಲಿ ಎಲ್ಲಾ ಜಿಲ್ಲೆಗೂ ಬಂತು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರದ 6 ದಿನವೂ.

ಸರ್ಕಾರ ಹುಡುಕಿದ ದಾರಿ ಸರಳ. ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ. ಯಾರ ಮೇಲೂ ಬಲವಂತ ಇಲ್ಲ, ಯಾರ ತಟ್ಟೆಯಿಂದಲೂ ಕಸಿದಿಲ್ಲ. ಆದ್ರೆ ಇಲ್ಲೂ ತಿರುಳಿನ ಪ್ರಶ್ನೆ ಇದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೊಟೀನ್, ಒಂದು ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ. ಗುಣಮಟ್ಟದ ದೂರು ಬಂದು 2025ರ ಆರಂಭದಲ್ಲಿ ಚಿಕ್ಕಿಯನ್ನೂ ನಿಲ್ಲಿಸಲಾಯಿತು. ಮೊಟ್ಟೆ ತಿನ್ನದ ಮನೆಯ ಮಗುವಿಗೆ ಬೇಳೆ, ಮೊಳಕೆ ಕಾಳು, ಶೇಂಗಾ, ಮೊಸರು ಮನೆಯಲ್ಲಾದರೂ ಹೆಚ್ಚಾಗಿ ಸಿಗಲೇಬೇಕು. ಹಣ್ಣು ತಿಂದಾಯಿತಲ್ಲ ಅಂತ ಸುಮ್ಮನಾದರೆ ಹೊಟ್ಟೆ ತುಂಬುತ್ತೆ, ಪ್ರೊಟೀನ್ ಸಾಲೋದಿಲ್ಲ.

ಸಂಪ್ರದಾಯ ನೆಪ ಆದಾಗ

ಊರಿಗೆ ಹೊಂದಿಸೋದು ಅಂದ್ರೆ ಊರು ಹೇಳಿದ್ದಕ್ಕೆಲ್ಲ ಹೂಂ ಅನ್ನೋದಲ್ಲ.

ಬಿಸಿಯೂಟವನ್ನೇ ನೋಡಿ. ದಲಿತ ಮಹಿಳೆ ಅಡುಗೆ ಮಾಡಿದರೆ ನಮ್ಮ ಮಕ್ಕಳು ಉಣ್ಣಲ್ಲ ಎಂದು ಕೆಲವು ಊರುಗಳಲ್ಲಿ ಪಾಲಕರು ತಕರಾರು ತೆಗೆದದ್ದಿದೆ. ‘ಸ್ಥಳೀಯ ಪದ್ಧತಿ’ ಅಂತ ಅಡುಗೆಯವರನ್ನೇ ಬದಲಿಸಿದರೆ ಗಲಾಟೆ ತಣ್ಣಗಾಗಬಹುದು, ಯೋಜನೆಯೂ ಅಲ್ಲೇ ಸಾಯುತ್ತದೆ. ಎಲ್ಲಾ ಮಕ್ಕಳು ಒಂದೇ ಸಾಲಲ್ಲಿ ಕೂತು ಉಣ್ಣಬೇಕು ಎಂಬುದೂ ಇದರ ತಿರುಳೇ. ಅಡುಗೆಯವರು, ಸಹಾಯಕರ ನೇಮಕದಲ್ಲಿ ಪರಿಶಿಷ್ಟರಿಗೆ ಆದ್ಯತೆ ಕೊಡಬೇಕೆಂದು 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನು ನೋಡಿಯೇ.

ಬಾಲ್ಯವಿವಾಹ ಇನ್ನೊಂದು. ‘ನಮ್ಮಲ್ಲಿ ಹೀಗೇ ನಡ್ಕೊಂಡು ಬಂದಿದೆ’, ‘ಅಜ್ಜಿಗೆ ಹುಷಾರಿಲ್ಲ, ಕಣ್ಮುಂದೆ ಮದುವೆ ಆಗಲಿ’ – ಈ ಮಾತು ಎಲ್ಲರೂ ಕೇಳಿರುವಂಥದ್ದೇ. ಹೆಣ್ಣಿಗೆ 18, ಗಂಡಿಗೆ 21 ತುಂಬದೆ ಮದುವೆ ಮಾಡುವಂತಿಲ್ಲ. ಕರ್ನಾಟಕ 2006ರ ಕಾಯ್ದೆಗೆ ತಂದ ತಿದ್ದುಪಡಿ ಪ್ರಕಾರ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಲ್ಲಿ ಆ ಮದುವೆ ಆಗಿಯೇ ಇಲ್ಲ. ವಯಸ್ಸು ಇಲ್ಲಿ ತಿರುಳು. ಅದರಲ್ಲಿ ಹೊಂದಾಣಿಕೆ ಇಲ್ಲ.

ಹೊಂದಾಣಿಕೆ ಬೇಕಾದ್ದು ಹೇಳುವ ರೀತಿಯಲ್ಲಿ. ಅಧಿಕಾರಿ ಜೀಪಲ್ಲಿ ಬಂದು ಕಾಯ್ದೆ ಓದಿದರೆ ಮನೆಯವರು ರಾತ್ರೋರಾತ್ರಿ ಬೇರೆ ಊರಿನ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಬಿಡುತ್ತಾರೆ. ಅದೇ ಮಾತನ್ನು ಊರಿನ ಹಿರಿಯರು, ಅರ್ಚಕರು, ಮೌಲ್ವಿಗಳು, ಸ್ವಸಹಾಯ ಸಂಘದ ಹೆಂಗಸರು ಹೇಳಿದರೆ ಕಿವಿಗೆ ಬೀಳುತ್ತದೆ. ಅಕ್ಷಯ ತೃತೀಯ, ಸಾಮೂಹಿಕ ವಿವಾಹದ ಸೀಸನ್‌ಗೆ ಒಂದು ತಿಂಗಳು ಮುಂಚೆಯೇ ಮಾತು ಶುರುವಾಗಬೇಕು. ಪೆಂಡಾಲ್ ಏಳಿಸಿದ ಮೇಲೆ ಹೇಳಿದರೆ ಮಾನದ ಪ್ರಶ್ನೆ ಆಗುತ್ತದೆ.

ಅಂಗಡಿಯವರು, ವ್ಯಾಪಾರಸ್ಥರು ತಿಳಿದಿರಬೇಕಾದ್ದು

ಮಕ್ಕಳ ವಿಷಯ ಇಲಾಖೆಯವರದ್ದು ಅಂತ ಪೇಟೆಯವರು ಅಂದುಕೊಳ್ಳೋದಿದೆ. ಕಾನೂನು ಹಾಗೆ ಹೇಳೋದಿಲ್ಲ.

• ಮದುವೆ ವ್ಯಾಪಾರ: ಬಾಲ್ಯವಿವಾಹ ನಡೆಸಿದವರು, ನಡೆಸಲು ನೆರವಾದವರು, ಪ್ರೋತ್ಸಾಹ ಕೊಟ್ಟವರು ಎಲ್ಲರಿಗೂ 2 ವರ್ಷದವರೆಗೆ ಜೈಲು, ₹1 ಲಕ್ಷದವರೆಗೆ ದಂಡಕ್ಕೆ ಅವಕಾಶ ಇದೆ. ಛತ್ರ, ಪೆಂಡಾಲ್, ಅಡುಗೆ, ಪ್ರಿಂಟಿಂಗ್ ಪ್ರೆಸ್, ಫೋಟೊ ಸ್ಟುಡಿಯೊದವರು ಬುಕಿಂಗ್ ವೇಳೆಯೇ ಇಬ್ಬರ ವಯಸ್ಸಿನ ದಾಖಲೆಯ ನಕಲು ಕೇಳಿ ಫೈಲಿಗೆ ಹಾಕಿಕೊಳ್ಳುವುದು ಒಳ್ಳೇದು. ಶಾಲೆಯ ಟಿ.ಸಿ., ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ ಇರಲಿ. ಎಲ್ಲರೂ ಕೇಳಿದರೆ ಯಾರಿಗೂ ಗಿರಾಕಿ ತಪ್ಪೋದಿಲ್ಲ. ಒಬ್ಬರೇ ಕೇಳಿದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಹಾಗಾಗಿ ವರ್ತಕರ ಸಂಘದಲ್ಲೇ ಒಮ್ಮೆ ತೀರ್ಮಾನ ಮಾಡಿಬಿಡೋದು ಲೇಸು.

• ಕೆಲಸಕ್ಕೆ ಹುಡುಗರು: 14 ವರ್ಷದೊಳಗಿನವರನ್ನು ಹೋಟೆಲ್, ಗ್ಯಾರೇಜ್, ಕಿರಾಣಿ ಎಲ್ಲೂ ದುಡಿಸುವಂತಿಲ್ಲ. 14ರಿಂದ 18ರವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ. 2016ರ ತಿದ್ದುಪಡಿಯಂತೆ ಮಾಲೀಕರಿಗೆ 6 ತಿಂಗಳಿಂದ 2 ವರ್ಷ ಜೈಲು, ₹20,000ದಿಂದ ₹50,000 ದಂಡ, ಅಥವಾ ಎರಡೂ ಆಗಬಹುದು.

• ಸ್ವಂತ ಅಂಗಡಿ: ಮಗ ಸಂಜೆ ಗಲ್ಲಾ ಮೇಲೆ ಕೂರೋದು, ಮಗಳು ಹೂ ಕಟ್ಟೋದು ತಪ್ಪಾ? ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕುಟುಂಬದ ಕೆಲಸದಲ್ಲಿ ನೆರವಾಗಲು ಕಾನೂನು ಅವಕಾಶ ಕೊಟ್ಟಿದೆ. ಮನೆತನದ ಕಸುಬು ಮುಂದುವರಿಯಲಿ ಅಂತ ಕೊಟ್ಟ ಈ ಸಡಿಲಿಕೆ, ಸಂತೆ ದಿನ ಶಾಲೆ ತಪ್ಪಿಸಲು ಕೊಟ್ಟ ಪರವಾನಗಿ ಅಲ್ಲ.

ಕೆಲಸ ಬಿಡಿಸಿ ಮಗುವನ್ನು ಬೀದಿಗೆ ಬಿಟ್ಟರೂ ಕೆಲಸ ಮುಗಿಯೋದಿಲ್ಲ. ಮನೆಯ ಸ್ಥಿತಿ ಏನು, ಯಾವ ಹಾಸ್ಟೆಲ್ ಸಿಗುತ್ತೆ, ಶಾಲೆಗೆ ಯಾರು ಸೇರಿಸ್ತಾರೆ ಅನ್ನೋದನ್ನು ನೋಡಿದರೆ ಮಾತ್ರ ಹುಡುಗ ಇನ್ನೊಂದು ಹೋಟೆಲ್‌ಗೆ ಹೋಗದೆ ಉಳಿಯುತ್ತಾನೆ.

ಗುಳೆ, ಕೂಲಿ ಮತ್ತು ಕ್ಯಾಲೆಂಡರ್

ಸಂಸ್ಕೃತಿ ಅಂದ್ರೆ ಹಬ್ಬ, ಹಾಡು ಅಷ್ಟೇ ಅಲ್ಲ. ದುಡಿಮೆಯ ಹೊತ್ತೂ ಹೌದು. ಕಲ್ಯಾಣ ಕರ್ನಾಟಕದ ತಾಂಡಾಗಳಿಂದ ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಸಂಸಾರ ಸಮೇತ ಗುಳೆ ಹೋಗುವವರಿದ್ದಾರೆ. ಜೂನ್‌ನಲ್ಲಿ ದಾಖಲಾತಿ, ಮಾರ್ಚ್‌ನಲ್ಲಿ ಪರೀಕ್ಷೆ ಎಂಬ ಕ್ಯಾಲೆಂಡರ್ ಆ ಮಕ್ಕಳ ಬದುಕಿಗೆ ಹೊಂದೋದಿಲ್ಲ. ಕಾರ್ಮಿಕರ ಬಿಡಾರದ ಪಕ್ಕದಲ್ಲೇ ಟೆಂಟ್ ಶಾಲೆ, ಊರಲ್ಲಿ ಉಳಿಯುವ ಮಕ್ಕಳಿಗೆ ಋತುಮಾನದ ಹಾಸ್ಟೆಲ್ – ಇವು ಆ ಅಳತೆಗೆ ಹೊಲಿದ ಅಂಗಿ.

ಪುಟ್ಟ ಮಕ್ಕಳದ್ದೂ ಅದೇ ಕಥೆ. ಕಟ್ಟಡ ಕೆಲಸದ ಜಾಗದಲ್ಲೇ ಶಿಶುಪಾಲನೆ ಎಂಬ ಯೋಚನೆ 1969ರಲ್ಲಿ ದೆಹಲಿಯಲ್ಲಿ ಮೊಬೈಲ್ ಕ್ರೆಶಸ್ ಸಂಸ್ಥೆಯಿಂದ ಶುರುವಾಯಿತು. ಕರ್ನಾಟಕ 2023ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಹೇಳಿತು. ಕೂಲಿಗೆ ಹೋಗುವ ತಾಯಿ ಬೆಳಗ್ಗೆ ಬೇಗ ಹೊರಡುತ್ತಾಳೆ. ಕೂಸಿನ ಮನೆ ಬಾಗಿಲು ಆಫೀಸ್ ಟೈಮಿಗೆ ತೆರೆದರೆ ಕೂಸು ಮರದ ನೆರಳಲ್ಲೇ ಮಲಗಬೇಕಾಗುತ್ತದೆ. ಬಾಗಿಲು ಎಷ್ಟು ಹೊತ್ತಿಗೆ ತೆರೆಯಬೇಕು ಅನ್ನೋದನ್ನು ಆ ತಾಯಂದಿರನ್ನು ಕೇಳಿಯೇ ನಿರ್ಧರಿಸಬೇಕು.

ಎಲ್ಲಿ ಕೇಳಬೇಕು, ಯಾರು ಬದಲಿಸಬಹುದು?

• ಅಂಗನವಾಡಿ ವಿಷಯ: ಮೊದಲು ಬಾಲವಿಕಾಸ ಸಮಿತಿ, ಆಮೇಲೆ ಮೇಲ್ವಿಚಾರಕಿ, ನಂತರ ತಾಲ್ಲೂಕಿನ ಸಿಡಿಪಿಒ ಕಚೇರಿ. ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗವಾಗಿ ಶುರುವಾದಾಗ ಕರ್ನಾಟಕದಿಂದ ಆಯ್ಕೆಯಾದದ್ದು ಟಿ.ನರಸೀಪುರ. ಅಂದ್ರೆ ಇದೂ ಒಂದು ತಾಲ್ಲೂಕಲ್ಲಿ ನೋಡಿ, ತಿದ್ದಿ ಬೆಳೆಸಿದ ಯೋಜನೆಯೇ.

• ಶಾಲೆ ಊಟ, ಹಾಲು, ಮೊಟ್ಟೆ: ಎಸ್‌ಡಿಎಂಸಿ ಸಭೆ. ಮೆನುವಿನ ರುಚಿ, ತರಕಾರಿ, ಬಡಿಸುವ ಕ್ರಮದ ಬಗ್ಗೆ ಪಾಲಕರು ಇಲ್ಲೇ ಹೇಳಬಹುದು. ಪ್ರಮಾಣ ಕಡಿಮೆ ಮಾಡುವಂತಿಲ್ಲ: 1ರಿಂದ 5ನೇ ತರಗತಿಗೆ ದಿನಕ್ಕೆ 100 ಗ್ರಾಂ, 6ರಿಂದ 8ಕ್ಕೆ 150 ಗ್ರಾಂ ಧಾನ್ಯ ಸಿಗಲೇಬೇಕು.

• ಮಕ್ಕಳ ಮಾತು: ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮ ಸಭೆ. ಮಕ್ಕಳಿಗೆ ತಮ್ಮ ವಿಷಯದಲ್ಲಿ ಮಾತಾಡುವ ಹಕ್ಕಿದೆ ಎಂದು ವಿಶ್ವಸಂಸ್ಥೆ 1989ರಲ್ಲಿ ಹೇಳಿತು. ಭಾರತ 1992ರಲ್ಲಿ ಒಪ್ಪಿತು. ಕುಂದಾಪುರ ಭಾಗದಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿಗಳು ನಡೆದಿವೆ. ದೊಡ್ಡ ಪದದ ಆ ಹಕ್ಕಿಗೆ ಪಂಚಾಯಿತಿ ಕಟ್ಟೆಯ ರೂಪ ಕೊಟ್ಟದ್ದು ನಮ್ಮವರೇ.

• ಬಾಲ್ಯವಿವಾಹ, ದುಡಿಮೆ, ಹಿಂಸೆ: 1098. ಹತ್ತು, ಒಂಬತ್ತು, ಎಂಟು – ಇಳಿಕೆ ಎಣಿಕೆ, ಮಗುವಿಗೂ ನೆನಪಿರುತ್ತೆ. ಕರೆ ಉಚಿತ, ದಿನದ 24 ಗಂಟೆ. ತುರ್ತು ಇದ್ದರೆ 112.

ಹೊಸ ಯೋಜನೆ ಊರಿಗೆ ಬಂದಾಗ ಕೇಳಬೇಕಾದ 5 ಪ್ರಶ್ನೆ

1. ಇದು ಮೊದಲು ಎಲ್ಲಿ ಗೆದ್ದಿದೆ, ಯಾವ ಕಾರಣಕ್ಕೆ ಗೆದ್ದಿತು?
2. ಅದರಲ್ಲಿ ಯಾವುದು ತಿರುಳು? (ಪ್ರಮಾಣ, ವಯಸ್ಸು, ವಾರಕ್ಕೆ ಎಷ್ಟು ಸಲ, ತರಬೇತಿ)
3. ಭಾಷೆ, ಊಟದ ರುಚಿ, ಹೊತ್ತು, ಜಾಗ, ಹೇಳುವವರು – ಇವುಗಳಲ್ಲಿ ಯಾವುದು ಇಲ್ಲಿ ಹೊಂದುತ್ತಿಲ್ಲ?
4. ಬದಲಾವಣೆ ಕೇಳುತ್ತಿರುವವರು ಯಾರು? ಮಗುವಿನ ತಾಯಿಯೋ, ಇಲ್ಲ ಊರಿನ ಬಲಾಢ್ಯರೋ?
5. ಬದಲಿಸಿದ ಮೇಲೆ ಮಗುವಿನ ತೂಕ, ಹಾಜರಾತಿ, ಕಲಿಕೆ ಏರಿದೆಯಾ? ಆರು ತಿಂಗಳ ನಂತರ ಅಳೆದು ನೋಡಿದವರು ಯಾರು?

ಐದನೆಯದೇ ಹೆಚ್ಚಾಗಿ ಮರೆತುಹೋಗೋದು. ಉದ್ಘಾಟನೆಗೆ ಶಾಮಿಯಾನ ಹಾಕ್ತಾರೆ, ಟೇಪ್ ಕತ್ತರಿಸ್ತಾರೆ. ತಕ್ಕಡಿ ಹಿಡಿದು ಮಗುವನ್ನು ತೂಗಿ ನೋಡುವ ದಿನ ಮಾತ್ರ ಯಾರೂ ಬರೋದಿಲ್ಲ. ಅಂಗನವಾಡಿಗಳಲ್ಲಿ ಮಕ್ಕಳ ತೂಕ ದಾಖಲಿಸುವ ಕೆಲಸ ಪ್ರತಿ ತಿಂಗಳು ಇದ್ದೇ ಇದೆ. ಮುಂದಿನ ಸಲ ಮಗುವನ್ನು ಕರೆದೊಯ್ಯುವ ಪಾಲಕರು ಆ ಪಟ್ಟಿ ಕೇಳಿ ನೋಡಿದರೆ, ಯೋಜನೆ ಊರಿಗೆ ಹೊಂದಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.